ಜೋಳದ ರೊಟ್ಟಿ ಸಾಕೋ, ಓಟ್ಸ್ ತರಬೇಕೋ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೈಸೂರಿನಿಂದ ವಿಜಯಪುರಕ್ಕೆ ವರ್ಗವಾಗಿ ಬಂದಿದ್ದೀರಿ, ಮಕ್ಕಳಿಗೆ ಆರು ಮತ್ತು ಹತ್ತು ವರ್ಷ. ಅಕ್ಕಪಕ್ಕದವರು "ಜ್ವಾಳದ ರೊಟ್ಟಿ ತಿನ್ರಿ, ಎಲ್ಲಾ ಸರಿ ಆಗತೈತಿ" ಅನ್ನುತ್ತಾರೆ. ಮೊಬೈಲ್ ತೆಗೆದರೆ ಓಟ್ಸ್, ಕಿನೋವಾ, ಚಿಯಾ. ದಿನದ ಊಟಕ್ಕೆ ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ನಾನು ಇದೇ ಊರಿನಲ್ಲಿ ಆರು ಜನರ ಮನೆಗೆ 22 ವರ್ಷದಿಂದ ಅಡುಗೆ ಮಾಡುತ್ತಿದ್ದೇನೆ, ಕಂಡದ್ದನ್ನು ಹೇಳುತ್ತೇನೆ.

ಓಟ್ಸ್ ಮಾತು ಮೊದಲು ಮುಗಿಸಿಬಿಡುತ್ತೇನೆ. ಅದು ಕೆಟ್ಟದ್ದಲ್ಲ, ಮಕ್ಕಳಿಗೆ ರುಚಿಸಿದರೆ ಕೊಡಿ. ಆದರೆ ನಾರಿನಂಶಕ್ಕೋಸ್ಕರ ದುಡ್ಡು ಕೊಟ್ಟು ತರಬೇಕಿಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಅಷ್ಟೇ ಪ್ರೋಟೀನ್ ಇದೆ. ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಚಿಯಾ ತರುವುದು ಒಮೆಗಾ-3 ಕೊಬ್ಬಿಗೆ ತಾನೇ? ಅದು ಅಗಸಿಯಲ್ಲೂ (ಅಗಸೆ ಬೀಜ) ಧಾರಾಳವಾಗಿದೆ, ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಹುರಿದು, ಕುಟ್ಟಿ ಹಿಂಡಿ (ಚಟ್ನಿಪುಡಿ) ಮಾಡಿಕೊಳ್ಳಿ. ಇಡಿಯಾಗಿ ನುಂಗಿದರೆ ಬಹಳಷ್ಟು ಅರಗದೆ ಹಾಗೇ ಹೊರಗೆ ಹೋಗುತ್ತದೆ.

ಇನ್ನು ರೊಟ್ಟಿ. ನನಗೆ ರೊಟ್ಟಿಯ ಮೇಲೆ ಅಭಿಮಾನ ಬಹಳ. ಆದರೂ ರೊಟ್ಟಿಯೊಂದು ಇದ್ದರೆ ಸಾಕು ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ನಾವು ನಂಬಿದ್ದೆವು. ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ ಬಂದಾಗ ಅನ್ನ ಬಿಟ್ಟು ರೊಟ್ಟಿ ಹಿಡಿದರು. "ರೊಟ್ಟಿ ಅಲ್ಲೇನು, ಎಷ್ಟ ತಿಂದ್ರೂ ನಡೀತೈತಿ" ಅಂತ ಹೊತ್ತಿಗೆ ನಾಲ್ಕು ರೊಟ್ಟಿ, ಜೊತೆಗೆ ಎಣ್ಣೆ ತೇಲುವ ಎಣಗಾಯಿ. ಮೂರು ತಿಂಗಳಾದರೂ ಸಕ್ಕರೆ ಇಳಿಯಲಿಲ್ಲ. ಜೋಳದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಕಾರ್ಬೋಹೈಡ್ರೇಟೇ. ನಾರು ಇರುವುದರಿಂದ ನಿಧಾನವಾಗಿ ಅರಗುತ್ತದೆ, ಅಷ್ಟೇ. ಎರಡು ರೊಟ್ಟಿಗೆ ನಿಲ್ಲಿಸಿ, ತಾಟಿನ ಉಳಿದ ಜಾಗಕ್ಕೆ ಕಾಳು, ತಪ್ಪಲ (ಸೊಪ್ಪು) ಬಂದ ಮೇಲೆ ಬದಲಾವಣೆ ಕಂಡಿತು. ಮಾತ್ರೆಯನ್ನೂ ಬಿಟ್ಟಿಲ್ಲ.

ಇದಕ್ಕೊಂದು ಹಳೆಯ ಸಂಗತಿ ಇದೆ, ರೊಟ್ಟಿ ಹೊಗಳುವವರು ಇದನ್ನು ಹೇಳುವುದಿಲ್ಲ. ದಖ್ಖನ್ನಿನಲ್ಲಿ ಜೋಳವನ್ನೇ ನೆಚ್ಚಿ ಬದುಕಿದ್ದ ಬಡವರಲ್ಲಿ ಪೆಲಾಗ್ರಾ ಅನ್ನುವ ಕಾಯಿಲೆ ಕಾಣುತ್ತಿತ್ತು. ಬಿಸಿಲು ತಾಕುವ ಕಡೆ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿ ಮಂಕಾಗುವುದು. ಮೂಲದಲ್ಲಿ ಅದು ನಿಯಾಸಿನ್ ಎಂಬ ವಿಟಮಿನ್ನಿನ ಕೊರತೆ. ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಸುಮಾರಿಗೆ ಇದರ ಮೇಲೆ ಕೆಲಸ ಮಾಡಿ, ಜೋಳದಲ್ಲಿ ಲ್ಯೂಸಿನ್ (ಪ್ರೋಟೀನಿನ ಒಂದು ಘಟಕ) ಹೆಚ್ಚಿರುವುದೂ ಇದಕ್ಕೆ ಕಾರಣ ಅಂದರು. ಇದನ್ನು ಓದಿದ ದಿನ ನಾನು ನಮ್ಮ ಅಡುಗೆಮನೆಯ ಶೇಂಗಾ ಹಿಂಡಿಯ ಡಬ್ಬಿಯನ್ನೇ ನೋಡುತ್ತಾ ಕೂತೆ. ಶೇಂಗಾದಲ್ಲಿ ನಿಯಾಸಿನ್ ತುಂಬಿದೆ! ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಇನ್ನೊಂದು ಘಟಕ ಕಡಿಮೆ. ಹೆಸರು, ಮಡಕಿ (ಮಡಿಕೆ ಕಾಳು), ಅಲಸಂದಿ, ಕಡಲೆಯಲ್ಲಿ ಅದು ಹೇರಳ. ಅಂದರೆ ಹಿಂಡಿ, ಕಾಳಪಲ್ಯ ರೊಟ್ಟಿಗೆ ನಂಚಿಕೊಳ್ಳುವುದಕ್ಕೆ ಮಾತ್ರ ಇರುವುದಲ್ಲ, ಅವಿಲ್ಲದಿದ್ದರೆ ಊಟವೇ ಅರ್ಧ.

ಹಾಗಾಗಿ ನೀವು ಗಮನ ಕೊಡಬೇಕಾದದ್ದು ತಪ್ಪಲ ಮತ್ತು ಕಾಳಿಗೆ. ಈ ಕಡೆಯ ಸಂತೆಯಲ್ಲಿ ಸೊಪ್ಪಿಗೆ ಬರವಿಲ್ಲ: ಮೆಂತ್ಯ, ರಾಜಗಿರಿ, ಸಬ್ಬಸಗಿ, ಪುಂಡಿ, ಉಳ್ಳಾಗಡ್ಡಿ ತಪ್ಪಲ, ಚಳಿಗಾಲದಲ್ಲಿ ಹಕ್ಕರಕಿ. ಪುಂಡಿಯನ್ನು ಜೋಳದ ನುಚ್ಚು ಹಾಕಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಡಿ. ಮೊದಲ ದಿನ ಹುಳಿ ಅನ್ನಿಸುತ್ತದೆ, ನಾಲ್ಕನೇ ದಿನ ಮಕ್ಕಳೇ ಕೇಳುತ್ತಾರೆ. ಹಕ್ಕರಕಿ, ಎಳೆ ಮೆಂತ್ಯ, ಮೂಲಂಗಿಯನ್ನು ಮೂರು ನೀರಿನಲ್ಲಿ ತೊಳೆದು ಹಸಿಯಾಗಿಯೇ ರೊಟ್ಟಿ ಜೊತೆ ತಿನ್ನುತ್ತೇವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರೊಬ್ಬರಿಗೆ ದಿನಕ್ಕೆ ಸುಮಾರು 400 ಗ್ರಾಂ ತರಕಾರಿ-ಸೊಪ್ಪು ಬೇಕು. ನಾಲ್ಕು ಜನ ದೊಡ್ಡವರಿಗೇ 1.6 ಕೆಜಿ. ನಾನು ಆಗ ತರುತ್ತಿದ್ದದ್ದು ಅರ್ಧ ಕೆಜಿ ಬದನೆಕಾಯಿ, ಎರಡು ಸೂಡು ಮೆಂತ್ಯ. ನಿಮ್ಮ ಮನೆಯ ಚೀಲವನ್ನೂ ಒಮ್ಮೆ ತೂಗಿ ನೋಡಿ.

ಮಗಳ ವಿಷಯ ಹೇಳದೆ ಇರಲಾರೆ. 13ನೇ ವಯಸ್ಸಿಗೆ ಅವಳ ಹಿಮೋಗ್ಲೋಬಿನ್ 9.4 ಇತ್ತು, ಆ ವಯಸ್ಸಿಗೆ 12 ಇರಬೇಕು. ಸೊಪ್ಪು-ಕಾಳು ತಿನ್ನುತ್ತಿದ್ದಳಲ್ಲ, ಯಾಕೆ ಹೀಗೆ ಅಂತ ಸಂಕಟವಾಯಿತು. ಡಾಕ್ಟರ್ ಕಬ್ಬಿಣದ ಮಾತ್ರೆ ಕೊಟ್ಟು, ಊಟವಾದ ಕೂಡಲೇ ಚಹಾ ಕುಡಿಯುವುದನ್ನು ಬಿಡಿಸಿ ಅಂದರು. ಕಾಳು-ಸೊಪ್ಪಿನ ಕಬ್ಬಿಣವನ್ನು ಮೈ ಹೀರಿಕೊಳ್ಳದಂತೆ ಚಹಾ ತಡೆಯುತ್ತದೆ. ವಿಟಮಿನ್ ಸಿ ಇದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. ಇಂಡಿ ತಾಲೂಕಿನ ಲಿಂಬೆಗೆ ಹೆಸರಾದ ಜಿಲ್ಲೆಯಲ್ಲಿದ್ದು ನಾವು ಅದನ್ನು ಶರಬತ್ತಿಗೆ ಮಾತ್ರ ಹಿಂಡುತ್ತಿದ್ದೆವು. ಈಗ ಮೊಳಕೆ ಮಡಕಿ ಒಲೆಯಿಂದ ಇಳಿಸಿದ ಮೇಲೆ ಅರ್ಧ ಹೋಳು ಹಿಂಡದೆ ತಾಟಿಗೆ ಹೋಗುವುದಿಲ್ಲ. ಮೊಳಕೆ ಬರಿಸುವುದೂ ಒಳ್ಳೆಯದು, ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತದೆ. ಚಹಾ ಊಟದಿಂದ ಒಂದು ತಾಸು ದೂರ.

ಹಿಂಡಿಯಲ್ಲಿ ಉಪ್ಪು ಎಷ್ಟು ಬೀಳುತ್ತದೆ ಅಂತ ಮಾತ್ರ ನೋಡಿಕೊಳ್ಳಿ. ಒಬ್ಬರಿಗೆ ಇಡೀ ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ. ಮನೆಯಲ್ಲೇ ಕುಟ್ಟಿದರೆ ಅದು ನಿಮ್ಮ ಕೈಯಲ್ಲಿರುತ್ತದೆ.

ಮಕ್ಕಳಿಗೆ ಒತ್ತಾಯ ಬೇಡ ತಾಯಿ. ಅನ್ನ ಉಂಡು ಬೆಳೆದ ಬಾಯಿಗೆ ರೊಟ್ಟಿ ಒರಟು ಅನ್ನಿಸುವುದು ಸಹಜ. ಒಂದು ಹೊತ್ತು ಅನ್ನವೇ ಇರಲಿ. ಒಣಗಿಸಿದ ಕಟಕ ರೊಟ್ಟಿಯನ್ನು ಮುರಿದು, ಶೇಂಗಾ ಹಿಂಡಿ, ಮೊಸರು ಕೊಟ್ಟು ನೋಡಿ. ಕುರುಕುರು ಸದ್ದಿಗೇ ತಿನ್ನುತ್ತಾರೆ. ತಾಲಿಪಟ್ಟಿಯಲ್ಲಿ ಒಂದು ಸೂಡು ಮೆಂತ್ಯ ಯಾರಿಗೂ ಗೊತ್ತಾಗದೆ ಹೋಗುತ್ತದೆ. ಬೇಸಿಗೆಯಲ್ಲಿ ಶಾಲೆಯಿಂದ ಬಂದಾಗ ಬೇಕರಿ ಪೊಟ್ಟಣದ ಬದಲು ಮಜ್ಜಿಗೆ ಬೆರೆಸಿದ ಅಂಬಲಿ ಕೊಡಿ.

ನೀವೇ ರೊಟ್ಟಿ ಬಡಿಯಲು ಕಲಿಯಬೇಕೆಂದಿದ್ದರೆ ಬಿಳಿಜೋಳ ತಂದು 15 ದಿನಕ್ಕಾಗುವಷ್ಟೇ ಬೀಸಿಸಿ. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇಲ್ಲ, ಅದಕ್ಕೇ ಕುದಿಯುವ ಎಸರು ಹಾಕಿ ನಾದುವುದು. ಮೊದಲ ವಾರ ಹರಿಯುತ್ತವೆ, ಹರಿಯಲಿ. ಹರಿದ ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಜೀರಿಗೆ, ಒಂದೇ ಒಂದು ಮೆಣಸಿನಕಾಯಿ, ಉಪ್ಪು ಸೇರಿಸಿ ಒರಳಲ್ಲಿ ಕುಟ್ಟಿ ಮುಷ್ಟಿಯಲ್ಲಿ ಹಿಡಿದರೆ ಮುಟಗಿ. ಮೇಲೆ ಸ್ವಲ್ಪ ತುಪ್ಪ ಹಾಕಿ ಚಿಕ್ಕವನ ಕೈಗೆ ಕೊಡಿ.