ಸೈಲೆನ್ಸರ್ ಬದಲಿಸಲಾ, ಬೇಡವಾ?

ಪ್ರಶ್ನೆ: ಸರ್, ನನ್ನದು 2022ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್. ಕಂಪನಿ ಸೈಲೆನ್ಸರ್ ಸದ್ದು ತೀರಾ ಸಪ್ಪೆ. ಭಾನುವಾರ ಹುಡುಗರ ಜೊತೆ ದೇವರಾಯನದುರ್ಗಕ್ಕೆ ಹೋದರೆ, ನೀನು ಬಂದಿದ್ದೇ ಗೊತ್ತಾಗಲ್ಲ ಅಂತ ರೇಗಿಸುತ್ತಾರೆ. ಒಬ್ಬ ಅಂಗಡಿಯವರು ಬೆಂಡ್ ಪೈಪ್ ಸಮೇತ ಪೂರ್ತಿ ಬದಲಿಸಿ, ಪಿಕಪ್ಪೂ ಜಾಸ್ತಿ ಆಗುತ್ತೆ ಅಂದರು. ಹಾಕಿಸಲಾ?
– ಓದುಗ, ತುಮಕೂರು

ಉತ್ತರ: ಬೆಂಡ್ ಪೈಪ್, ಅಂದರೆ ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬಾಗಿದ ಪೈಪ್, ಮುಟ್ಟಿಸಬೇಡಿ. ನಿಮ್ಮದು ಬಿಎಸ್6 ಗಾಡಿ, ಅಂದರೆ ಹೊಗೆ ಮಿತಿಯ ಬಿಗಿ ನಿಯಮಕ್ಕೆ ತಕ್ಕಂತೆ ಮಾಡಿದ್ದು. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ನೋಡುವ ಸೆನ್ಸರ್ ಆ ದಾರಿಯಲ್ಲೇ ಕೂತಿರುತ್ತದೆ, ಅದು ಹೇಳಿದ್ದನ್ನು ಕೇಳಿಕೊಂಡೇ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪೆಟ್ರೋಲ್ ಅಳತೆ ಮಾಡುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟ್‌ಕಾನ್ ಕೆಲವು ಗಾಡಿಗಳಲ್ಲಿ ಬೆಂಡ್ ಪೈಪಿನಲ್ಲಿ, ಕೆಲವದರಲ್ಲಿ ಸೈಲೆನ್ಸರ್ ಒಳಗೇ ಇರುತ್ತದೆ. ಅದನ್ನು ಕಿತ್ತರೆ ಎಮಿಷನ್ ಟೆಸ್ಟ್ ಪಾಸಾಗೋದು ಕಷ್ಟ. ಮೀಟರಿನಲ್ಲಿ ಎಂಜಿನ್ ಲೈಟ್ ಹತ್ತಿಕೊಂಡರೆ ವಾರಂಟಿ ಜಗಳ ಬೇರೆ.

ಪಿಕಪ್ ಮಾತು ಬಿಡಿ. ನಿಮ್ಮ ಎಂಜಿನ್ನಿನದು ಇಪ್ಪತ್ತು ಚಿಲ್ಲರೆ ಹಾರ್ಸ್ ಪವರ್. ಬರೀ ಸೈಲೆನ್ಸರ್ ಬದಲಿಸಿದರೆ ಅದು ಹೆಚ್ಚೋದು ಲೆಕ್ಕಕ್ಕೆ ಸಿಗದಷ್ಟು. ಸದ್ದು ಜೋರಾದರೆ ಗಾಡಿ ಜೋರಾಗಿ ಓಡಿದ ಹಾಗೆ ಕಿವಿಗೆ ಅನ್ನಿಸುತ್ತದೆ, ಅಷ್ಟೇ. ಸಿಗೋ ಲಾಭ ಒಂದೇ, ಒಂದಿಷ್ಟು ಕೆಜಿ ಭಾರ ಇಳಿಯುತ್ತದೆ.

ಆಸೆ ತಡೆಯಲಾಗದಿದ್ದರೆ ಸ್ಲಿಪ್-ಆನ್ ನೋಡಿ, ಅಂದರೆ ಹಿಂದಿನ ಸೈಲೆನ್ಸರ್ ಮಾತ್ರ. ಒಳಗೆ ಸದ್ದು ತಗ್ಗಿಸುವ ಡಿಬಿ ಕಿಲ್ಲರ್ ಅನ್ನೋ ತುಂಡು ಇರುವಂಥದ್ದು, ಕ್ಯಾಟ್‌ಕಾನ್ ಉಳಿಯುವಂಥದ್ದು. ಇಂದೋರಿ, ಪಂಜಾಬ್ ಅಂತ ಕರೆಯುವ ಖಾಲಿ ಕೊಳವೆಗಳ ಕಡೆ ತಲೆ ಹಾಕಬೇಡಿ. ಕೂರಿಸುವಾಗ ನೀವೂ ಪಕ್ಕದಲ್ಲಿ ನಿಂತಿರಿ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಜಾಯಿಂಟಿನಲ್ಲಿ ಗ್ಯಾಸ್ಕೆಟ್ (ಲೀಕ್ ಆಗದಂತೆ ನಡುವೆ ಕೂರಿಸುವ ಬಿಲ್ಲೆ) ಇದ್ದರೆ ಹಳೆಯದನ್ನೇ ಹಾಕಲು ಬಿಡಬೇಡಿ, ಒಮ್ಮೆ ಅಮುಕಿದ ಗ್ಯಾಸ್ಕೆಟ್ ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ಎಲ್ಲ ಬೋಲ್ಟನ್ನೂ ಮೊದಲು ಸಡಿಲವಾಗಿ ಹಾಕಿ, ಪೈಪ್ ತಾನಾಗಿ ಸರಿಯಾಗಿ ಕೂತಿದೆ ಅಂತ ನೋಡಿಕೊಂಡು, ಆಮೇಲೆ ಎಂಜಿನ್ ಕಡೆಯಿಂದ ಹಿಂದಕ್ಕೆ ಬಿಗಿ ಮಾಡಿಕೊಂಡು ಬರಬೇಕು. ಬ್ರಾಕೆಟ್ ಬೋಲ್ಟ್ ಮೊದಲು ಬಿಗಿದು ಪೈಪನ್ನು ಎಳೆದು ಕೂರಿಸಿದರೆ ಬ್ರಾಕೆಟ್ ಬಿರುಕು ಬಿಡಬಹುದು. ಸ್ಟಾರ್ಟ್ ಮಾಡುವ ಮುಂಚೆ ಒಣ ಬಟ್ಟೆಯಲ್ಲಿ ಒರೆಸಿ. ಇಲ್ಲದಿದ್ದರೆ ಮೆಕ್ಯಾನಿಕ್ಕಿನ ಎಣ್ಣೆ ಬೆರಳಿನ ಗುರುತು ಬಿಸಿಗೆ ಸುಟ್ಟು ಸ್ಟೀಲಿನ ಮೇಲೆ ಅಚ್ಚಾಗಿ ಉಳಿದುಬಿಡುತ್ತದೆ, ಏನು ಉಜ್ಜಿದರೂ ಹೋಗಲ್ಲ. ಒಂದು ರೌಂಡ್ ಹೋಗಿ ಬಂದು, ಆರಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ.

ಪ್ರಶ್ನೆ: ಹೊಸ ಸೈಲೆನ್ಸರ್ ಹಾಕಿಸಿದಾಗಿನಿಂದ ಆಕ್ಸಿಲರೇಟರ್ ಬಿಟ್ಟರೆ ಪಟ್ ಪಟ್ ಅನ್ನುತ್ತದೆ. ಎಂಜಿನ್ ಹೋಯ್ತಾ?
– ಓದುಗ, ತಿಪಟೂರು

ಉತ್ತರ: ಹೋಗಿಲ್ಲ. ಜಾಯಿಂಟಿನಿಂದ ಗಾಳಿ ಒಳಗೆ ನುಗ್ಗಿ, ಉರಿಯದೆ ಉಳಿದ ಪೆಟ್ರೋಲ್ ಪೈಪಿನಲ್ಲಿ ಉರಿಯುತ್ತಿರಬೇಕು. ಕ್ಲಾಂಪ್ ಸುತ್ತ ಕಪ್ಪು ಮಸಿ ಹಿಡಿದಿದೆಯಾ ನೋಡಿ. ಇದ್ದರೆ ಲೀಕ್ ಅಲ್ಲೇ. ಹೊಸ ಗ್ಯಾಸ್ಕೆಟ್ ಹಾಕಿಸಿ. ಈ ಸದ್ದನ್ನೇ ಗತ್ತು ಅಂದುಕೊಂಡು ಸುಮ್ನೆ ಓಡಿಸುವವರೂ ಇದ್ದಾರೆ ಬಿಡಿ!

ಪ್ರಶ್ನೆ: ಜೋರು ಸದ್ದಿನ ಸೈಲೆನ್ಸರಿಗೆ ಒಮ್ಮೆ ದಂಡ ಕಟ್ಟಿದ್ದೇನೆ, ರಶೀದಿ ಇದೆ. ಮತ್ತೆ ಹಿಡಿಯುತ್ತಾರಾ?
– ಓದುಗ, ಕುಣಿಗಲ್

ಉತ್ತರ: ಖಂಡಿತ ಹಿಡಿಯುತ್ತಾರೆ. ರಶೀದಿ ಪರ್ಮಿಟ್ ಅಲ್ವಲ್ಲ. ಅನುಮತಿ ಇಲ್ಲದೆ ಗಾಡಿ ಮಾರ್ಪಾಡು ಮಾಡಿದರೆ ಮೋಟಾರು ವಾಹನ ಕಾಯ್ದೆಯಲ್ಲಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಇದೆ. ಶಬ್ದ ಮಾಲಿನ್ಯಕ್ಕೆ 10,000ದವರೆಗೆ ಬೇರೆ, ಮೂರು ತಿಂಗಳು ಲೈಸೆನ್ಸೂ ಹೋಗಬಹುದು. ಹಳೇ ಸೈಲೆನ್ಸರ್ ಅಟ್ಟದ ಮೇಲಿದ್ದರೆ ಇವತ್ತೇ ವಾಪಸ್ ಹಾಕಿಸಿ. ಗುಜರಿಗೆ ಕೊಟ್ಟಿದ್ದರೆ ಕಂಪನಿಯ ಹೊಸದನ್ನೇ ಕೊಳ್ಳಬೇಕು, ಅದು ಅಗ್ಗಕ್ಕೆ ಸಿಗುವಂಥದ್ದಲ್ಲ.