ಷಾ ಆಲಂನ ಅಮ್ಮಂದಿರು ಕೆಲಸಕ್ಕೂ ಹೋಗಿ ಮನೆ ಹೇಗೆ ತೂಗಿಸುತ್ತಾರೆ?

ನಿಮ್ಮ ಪ್ರಶ್ನೆ ಓದಿದೆ. ಗಂಡ ಹೆಂಡತಿ ಇಬ್ಬರಿಗೂ ಮಲೇಷ್ಯಾದ ಷಾ ಆಲಂನಲ್ಲಿ ಕೆಲಸ ಸಿಕ್ಕಿದೆ. 8 ಮತ್ತು 11 ವರ್ಷದ ಮಕ್ಕಳನ್ನು ಇಷ್ಟು ದಿನ ಮೈಸೂರಿನಲ್ಲಿ ಅತ್ತೆ ನೋಡಿಕೊಂಡರು, ಇಲ್ಲಿ ಹಿಂದೆ ಮುಂದೆ ಯಾರೂ ಇಲ್ಲ. ಹೊಸ ಆಫೀಸಿನ ಮಲಯ್ ಹೆಂಗಸರಿಗೆ ಮೂರು ನಾಲ್ಕು ಮಕ್ಕಳಿದ್ದೂ ಎಲ್ಲರೂ ದುಡಿಯುತ್ತಾರಂತೆ, ಅದು ಹೇಗೆ, ನಾನು ಕೆಲಸ ಬಿಡಬೇಕಾಗುತ್ತದಾ ಅಂತ ಕೇಳಿದ್ದೀರಿ.

ಬಿಡಬೇಡಿ. ಬಂದು ಆರು ತಿಂಗಳು ನೋಡಿ, ಆಮೇಲೆ ಯೋಚನೆ ಮಾಡಿ. ನಾನು ಇಲ್ಲಿಗೆ ಬಂದು ವರ್ಷಗಳೇ ಆದವು. ನಮ್ಮ ಬೀದಿಯ ಸಾಲುಮನೆಗಳಲ್ಲಿ ಮಲಯ್ ಕುಟುಂಬಗಳೇ ಜಾಸ್ತಿ, ನನ್ನ ಮಕ್ಕಳೂ ಅವರ ಮಕ್ಕಳ ಜೊತೆಯಲ್ಲೇ ಬೆಳೆದರು. ಹಾಗಾಗಿ ನೋಡಿದ್ದನ್ನು ಹೇಳುತ್ತೇನೆ. ಇಲ್ಲಿನ ಅಮ್ಮಂದಿರಿಗೇನೂ ಹತ್ತು ಕೈ ಇಲ್ಲ. ನಾವು ಮನೆಗೆಲಸ ಅಂದುಕೊಂಡಿರುವುದರಲ್ಲಿ ಅರ್ಧ ಇಲ್ಲಿ ಮನೆಯ ಹೊರಗೆ, ದುಡ್ಡು ಕೊಟ್ಟು ಆಗುತ್ತದೆ. ಅದಕ್ಕೆ ಅತ್ತೆಯೂ ಮೂಗು ಮುರಿಯುವುದಿಲ್ಲ, ಪಕ್ಕದ ಮನೆಯವರೂ ಮುರಿಯುವುದಿಲ್ಲ. ವ್ಯತ್ಯಾಸ ಇರುವುದು ಅಲ್ಲೇ.

ನಮ್ಮ ಪಕ್ಕದ ಮನೆಯವರನ್ನೇ ತಗೊಳ್ಳಿ. ಅವರನ್ನು ನಾನು ಕಾಕ್ ಅಂತ ಕರೆಯುವುದು, ಅಕ್ಕ ಅಂತ. ಹುಟ್ಟೂರು ಈಶಾನ್ಯದ ಕೆಲಂತಾನ್ ರಾಜ್ಯ, ಕೆಲಸ ಕೇಂದ್ರ ಸರ್ಕಾರದ ಆಡಳಿತ ನಗರ ಪುತ್ರಜಯದ ಒಂದು ಸರ್ಕಾರಿ ಕಚೇರಿಯಲ್ಲಿ. ಗಂಡನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟು. ದೊಡ್ಡ ಮಗಳು ಹೈಸ್ಕೂಲು, ಚಿಕ್ಕವರಿಬ್ಬರು ಪ್ರೈಮರಿ. ನಸುಕಿನ ಸುಬುಹ್ ನಮಾಜಿಗೆ ಮುಂಚೆಯೇ ಅವರ ಅಡುಗೆಮನೆ ದೀಪ ಹತ್ತಿರುತ್ತದೆ. ಇಲ್ಲಿ ಬೆಳಕು ಹರಿಯುವುದೇ 7 ಗಂಟೆಗೆ. ಸಮುದ್ರದಾಚೆಯ ಸಬಾ, ಸರವಾಕ್ ರಾಜ್ಯಗಳ ಜೊತೆ ಒಂದೇ ಸಮಯ ಇರಲಿ ಅಂತ 1982ರಲ್ಲಿ ಈ ಕಡೆಯ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿದರು, ಅದರ ಫಲವನ್ನು ಈಗಿನ ಮಕ್ಕಳು ಉಣ್ಣುತ್ತಿದ್ದಾರೆ. ಶಾಲೆ 7.30ಕ್ಕೆ. ವ್ಯಾನು ಬರುವ ಹೊತ್ತಿಗೆ ಹೊರಗೆ ಇನ್ನೂ ಗವ್ ಅನ್ನುವ ಕತ್ತಲು. ಮಕ್ಕಳು ಅರ್ಧ ನಿದ್ದೆಯಲ್ಲೇ ಹತ್ತಿ ಕೂರುತ್ತಾರೆ.

ತಿಂಡಿ ಮಾಡುವ ಗೋಜು ಹೆಚ್ಚಿನ ಮನೆಗಳಲ್ಲಿ ಇಲ್ಲ. ಬೀದಿ ತುದಿಯಲ್ಲಿ ಒಬ್ಬ ಹೆಂಗಸು ಕೊಡೆ ಕೆಳಗೆ ಮೇಜು ಹಾಕಿಕೊಂಡು ನಾಸಿ ಲೆಮಾಕ್ ಪೊಟ್ಟಣ ಮಾರುತ್ತಾರೆ. ತೆಂಗಿನಹಾಲಿನಲ್ಲಿ ಬೆಂದ ಅನ್ನ, ಮೇಲೆ ಖಾರದ ಸಂಬಲ್ ಚಟ್ನಿ, ಹುರಿದ ಕಡಲೇಕಾಯಿ, ಸಣ್ಣ ಒಣಮೀನು, ಅರ್ಧ ಮೊಟ್ಟೆ, ಎರಡು ಹೋಳು ಸೌತೆಕಾಯಿ. ಎಲ್ಲ ಸೇರಿಸಿ ಕಂದು ಕಾಗದದಲ್ಲಿ ಮೊನಚಾಗಿ ಮಡಿಸಿರುತ್ತಾರೆ. ಪಕ್ಕದಲ್ಲಿ ಬಣ್ಣಬಣ್ಣದ ಕುಯೆ, ಅಂದರೆ ಅಕ್ಕಿಹಿಟ್ಟು, ಕಾಯಿ, ಬೆಲ್ಲದ ತಿನಿಸುಗಳು. ಕಾರಿನಲ್ಲಿ ಹೋಗುತ್ತಾ ಕಿಟಕಿ ಇಳಿಸಿ ನಾಲ್ಕು ಪೊಟ್ಟಣ ಇಸ್ಕೊಂಡರೆ ಮನೆಯವರ ತಿಂಡಿ ಮುಗಿಯಿತು. ಮಾರುವವರೂ ಮಕ್ಕಳ ತಾಯಿಯೇ. 10 ಗಂಟೆಗೆ ಮೇಜು ಮಡಚಿ ಮನೆಗೆ ಹೋದರೆ ಅವರ ಸಂಪಾದನೆಯೂ ಆಯಿತು. ನಮ್ಮ ಕಡೆಯಿಂದ ಬಂದ ಹೆಂಗಸರು ಮಾತ್ರ 5 ಗಂಟೆಗೆ ಎದ್ದು ಅಕ್ಕಿರೊಟ್ಟಿ ತಟ್ಟಿ, ಡಬ್ಬಿಗೆ ಬೇರೆ ಪಲ್ಯ ಮಾಡಿ, ಆಫೀಸು ಮುಟ್ಟುವಷ್ಟರಲ್ಲಿ ಸುಸ್ತಾಗಿರುತ್ತಾರೆ. ಯಾರೂ ಹೇಳಿರುವುದಿಲ್ಲ, ತಾವೇ ಹೊತ್ತುಕೊಂಡಿರುತ್ತಾರೆ.

ಮಧ್ಯಾಹ್ನದ ಕಥೆ ಸ್ವಲ್ಪ ಗಜಿಬಿಜಿ. ಸರ್ಕಾರಿ ಪ್ರೈಮರಿ ಶಾಲೆ 1 ಗಂಟೆ ಆಸುಪಾಸಿಗೆ ಬಿಡುತ್ತದೆ. ಅಮ್ಮನ ಆಫೀಸು ಬಿಡುವುದು 5ಕ್ಕೆ. ನಡುವಿನ ಈ ಹೊತ್ತಿಗೆ ಇಲ್ಲಿ ಟ್ರಾನ್ಸಿಟ್ ಅಂತ ಇದೆ. ಯಾರದೋ ಮನೆಯಲ್ಲೋ ಅಂಗಡಿ ಮೇಲಿನ ಮಹಡಿಯಲ್ಲೋ ನಡೆಸುತ್ತಾರೆ. ಶಾಲೆಯಿಂದ ಬಂದ ಮಕ್ಕಳಿಗೆ ಸ್ನಾನ, ಊಟ, ಹೋಂವರ್ಕು, ನಿದ್ದೆ ಎಲ್ಲ ಅಲ್ಲೇ. ನಮ್ಮ ರಾಜ್ಯ ಸೆಲಾಂಗೋರ್‌ನಲ್ಲಿ ಹೆಚ್ಚಿನ ಮುಸ್ಲಿಂ ಮಕ್ಕಳಿಗೆ ಮಧ್ಯಾಹ್ನ ಇನ್ನೊಂದು ಶಾಲೆಯೂ ಇರುತ್ತದೆ. ಕುರಾನ್ ಓದು, ನಮಾಜಿನ ಕ್ರಮ, ಅರಬ್ಬಿಯಿಂದ ಬಂದ, ಮಲಯ್ ಭಾಷೆ ಬರೆಯುವ ಜಾವಿ ಲಿಪಿ ಕಲಿಸುತ್ತಾರೆ. ಕಾಕ್ ಅವರ ಚಿಕ್ಕವರಿಬ್ಬರು 1 ಗಂಟೆಗೆ ಒಂದು ಶಾಲೆಯಿಂದ ಬಂದು, ಉಂಡು, ಬಟ್ಟೆ ಬದಲಿಸಿ ಇನ್ನೊಂದು ಶಾಲೆಗೆ ಹೊರಡುತ್ತಾರೆ. ವಾಪಸ್ಸು ಬರುವಷ್ಟರಲ್ಲಿ ಸಂಜೆ. ಎಳೆ ಮಕ್ಕಳಿಗೆ ಇದು ಜಾಸ್ತಿಯಾಯಿತು ಅಂತ ನನಗೆ ಅನಿಸುತ್ತದೆ, ಆದರೆ ಅಷ್ಟು ಹೊತ್ತು ಮಗು ಗೊತ್ತಿರುವ ಜಾಗದಲ್ಲಿ ಇರುತ್ತದೆ ಅನ್ನುವುದೂ ದುಡಿಯುವ ತಾಯಿಗೆ ಸಣ್ಣ ಮಾತಲ್ಲ.

ಇಷ್ಟಕ್ಕೆಲ್ಲ ಬಟ್ಟೆ ಎಷ್ಟು ಬೇಕು ಯೋಚನೆ ಮಾಡಿ. ಭಾನುವಾರ ರಾತ್ರಿ ಅವರ ಮನೆ ಹಾಲ್ ನೋಡಬೇಕು. ಕಿಟಕಿ ಸರಳುಗಳಿಗೆ ಹ್ಯಾಂಗರ್ ಸಾಲು. ಪ್ರೈಮರಿ ಹುಡುಗಿಯ ಬಿಳಿ ಬಾಜು ಕುರುಂಗ್ ಅಂದರೆ ಉದ್ದ ಸಡಿಲ ಮೇಲಂಗಿ, ನೀಲಿ ಲಂಗ, ತಲೆಗೆ ಕಟ್ಟುವ ಬಿಳಿ ವಸ್ತ್ರ ತುಡುಂಗ್. ಹುಡುಗನ ಬಿಳಿ ಶರ್ಟು, ನೀಲಿ ಪ್ಯಾಂಟು. ಹೈಸ್ಕೂಲು ಮಗಳದು ತಿಳಿ ಹಸಿರು ನೀಲಿ. ಅದರ ಮೇಲೆ ಮಧ್ಯಾಹ್ನದ ಶಾಲೆಯದು ಬೇರೆ, ಆಟದ ದಿನದ ಟೀ ಶರ್ಟು ಬೇರೆ, ಸ್ಕೌಟ್ಸಿನದು ಬೇರೆ. ಕಾಕ್ ಇಸ್ತ್ರಿ ಹಿಡಿದು ನಿಂತರೆ ಟೀವಿಯಲ್ಲಿ ಒಂದು ಧಾರಾವಾಹಿ ಮುಗಿದು ಇನ್ನೊಂದು ಶುರುವಾಗಿರುತ್ತದೆ. ಸೋಮವಾರದ್ದು ಬಾಗಿಲ ಹತ್ತಿರ, ಶುಕ್ರವಾರದ್ದು ಕೊನೆಗೆ, ಹಾಗೆ ಸಾಲು. ಬೆಳಿಗ್ಗೆ ಕತ್ತಲಲ್ಲಿ ಕೈ ಹಾಕಿದರೆ ಸರಿಯಾದದ್ದೇ ಸಿಗಬೇಕು. ಮೊದಲು ಬೂಟು ಸಹ ಬಿಳಿ ಇತ್ತು, ವಾರ ವಾರ ತಿಕ್ಕಿ ತೊಳೆದು ಬಿಳಿ ಬಳಿಯುವುದು ಬೇರೆ ಕೆಲಸ. ಈಗ ಕಪ್ಪಾಗಿದೆ. ಸರ್ಕಾರ ಬೂಟಿನ ಬಣ್ಣಕ್ಕೆ ತಲೆ ಕೆಡಿಸಿಕೊಂಡಿದೆ ಅಂತ ಆಗ ತುಂಬಾ ಜನ ನಕ್ಕರು. ಬೂಟು ತಿಕ್ಕುವವರು ನಗಲಿಲ್ಲ.

ಸಂಜೆ ಪುತ್ರಜಯದಿಂದ ಟ್ರಾಫಿಕ್ಕಿನಲ್ಲಿ ಕೂತು ಬರುವಾಗ ಅವರ ಕಣ್ಣೆಲ್ಲ ಗಡಿಯಾರದ ಮೇಲೆ. ಟ್ರಾನ್ಸಿಟ್‌ನಿಂದ ಕರೆದುಕೊಂಡು ಬರಲು ತಡವಾದರೆ ಎಷ್ಟೋ ಕಡೆ ಮೇಲೆ ದುಡ್ಡು ಕೇಳುತ್ತಾರೆ, ಸೂರ್ಯ ಮುಳುಗಿದ ಮೇಲಿನ ನಮಾಜು ಮಗ್ರಿಬ್‌ಗೆ ಮುಂಚೆ ಮನೆ ಮುಟ್ಟಬೇಕು ಅಂತಲೂ ಇರುತ್ತದೆ. ಆಮೇಲೆ ಮಕ್ಕಳಿಗೆ ಕುರಾನ್ ಪಾಠ, ನಂತರ ಊಟ. ರಜೆಯ ದಿನ ಮಾಡಿ ಫ್ರೀಜರ್‌ನಲ್ಲಿಟ್ಟ ಸಾರು ಬಿಸಿ ಮಾಡಿ, ಮೀನು ಹುರಿದರೆ ಆಯಿತು. ಅದೂ ಆಗದ ದಿನ ಬಿಸಿ ಅನ್ನದ ಮೇಲೆ ಹುರಿದ ಮೊಟ್ಟೆ, ಸಿಹಿ ಸೋಯಾ ಸಾಸ್. ಇಲ್ಲಿನ ಮಕ್ಕಳಿಗೆ ಅದು ನಮ್ಮ ಮೊಸರನ್ನ ಉಪ್ಪಿನಕಾಯಿ ಇದ್ದ ಹಾಗೆ, ಬೇಡ ಅನ್ನುವುದೇ ಇಲ್ಲ. ವಾರಕ್ಕೊಂದು ದಿನ ಬಡಾವಣೆಯಲ್ಲಿ ರಾತ್ರಿ ಸಂತೆ ಇರುತ್ತದೆ, ಪಾಸಾರ್ ಮಾಲಮ್ ಅಂತ. ಆ ದಿನ ಯಾರ ಮನೆಯಲ್ಲೂ ಒಲೆ ಹತ್ತುವುದಿಲ್ಲ ಅಂದರೂ ನಡೆಯುತ್ತದೆ.

ಎಲ್ಲಾ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ರಾತ್ರಿ 9.30ಕ್ಕೆ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಮೆಸೇಜ್ ಬರುತ್ತದೆ, ನಾಳೆ ಖಾಲಿ ಡಬ್ಬಿ, ಬಣ್ಣದ ಕಾಗದ, ಅಂಟು ಕಳಿಸಿ ಅಂತ. ಆ ಗುಂಪಿನಲ್ಲಿ ಸರಿ ಟೀಚರ್ ಅಂತ ಉತ್ತರ ಕೊಡುವವರೆಲ್ಲ ಅಮ್ಮಂದಿರು. ಅಪ್ಪಂದಿರು ಕೈ ಜೋಡಿಸುವುದಿಲ್ಲ ಅಂತಲ್ಲ, ಕಾಕ್ ಗಂಡ ಶಿಫ್ಟ್ ಇಲ್ಲದ ದಿನ ದೊಡ್ಡವಳನ್ನು ಬೈಕಿನಲ್ಲಿ ಬಿಟ್ಟು ಬರುತ್ತಾರೆ, ಪಾತ್ರೆ ತೊಳೆಯುತ್ತಾರೆ, ಬಟ್ಟೆ ಒಣ ಹಾಕುತ್ತಾರೆ. ಆದರೆ ಯಾವ ದಿನ ಯಾವ ಬಟ್ಟೆ, ಯಾರ ಫೀಸು ಬಾಕಿ, ಯಾರಿಗೆ ಕೆಮ್ಮು ಅನ್ನುವುದೆಲ್ಲ ಹೆಂಡತಿಯ ತಲೆಯಲ್ಲೇ. ಈ ವಿಷಯದಲ್ಲಿ ಕೆಲಂತಾನ್‌ಗೂ ಕೋಲಾರಕ್ಕೂ ಏನೂ ವ್ಯತ್ಯಾಸ ಇಲ್ಲ ಬಿಡಿ. ಶುಕ್ರವಾರ ಸರ್ಕಾರಿ ಕಚೇರಿಗಳಲ್ಲಿ ಜುಮ್ಮಾ ನಮಾಜಿಗಾಗಿ ಮಧ್ಯಾಹ್ನದ ಬಿಡುವು ಉದ್ದ ಇರುತ್ತದೆ, 12.15ರಿಂದ 2.45ರವರೆಗೆ. ಗಂಡಸರು ಮಸೀದಿಗೆ ಹೋದರೆ ಹೆಂಗಸರು ವಾರದ ಬಾಕಿ ಕೆಲಸವನ್ನೆಲ್ಲ ಅಷ್ಟರಲ್ಲೇ ಮುಗಿಸುತ್ತಾರೆ.

ದುಡ್ಡೂ ಸುಮ್ನೆ ಬರುವುದಿಲ್ಲ. ವ್ಯಾನು, ಟ್ರಾನ್ಸಿಟ್, ಹೊರಗಿನ ಊಟ ಸೇರಿದರೆ ಸಂಬಳದ ದೊಡ್ಡ ಪಾಲು ಅಲ್ಲಿಗೇ. ಅದಕ್ಕೇ ಆಫೀಸಿನ ಅರ್ಧ ಹೆಂಗಸರು ಪಕ್ಕದಲ್ಲಿ ಏನಾದರೂ ಮಾರುತ್ತಿರುತ್ತಾರೆ. ಕಾಕ್ ಮನೆಯಲ್ಲಿ ಮಾಡಿ ಫ್ರೀಜ್ ಮಾಡಿದ ಕರಿಪಾಪ್ ಮಾರುತ್ತಾರೆ, ನಮ್ಮ ಕರ್ಜಿಕಾಯಿ ಆಕಾರದ್ದು, ಒಳಗೆ ಆಲೂಗಡ್ಡೆ. ಇನ್ನೊಬ್ಬರು ತುಡುಂಗ್ ಮಾರುತ್ತಾರೆ. ನಿಮ್ಮನ್ನು ಕುತುಗೂ ಕರೆಯುತ್ತಾರೆ. ಬೇರೇನಲ್ಲ, ನಮ್ಮ ಚೀಟಿ. ತಿಂಗಳು ತಿಂಗಳು ಎಲ್ಲರೂ ಕಟ್ಟುವುದು, ಸರದಿ ಬಂದವರು ಎತ್ತುವುದು. ಶಾಲೆ ಶುರುವಾಗುವ ತಿಂಗಳು, ಹಬ್ಬದ ತಿಂಗಳು ಯಾರಿಗೆ ಅಂತ ಸಣ್ಣ ಜಗಳವೂ ಆಗುತ್ತದೆ. ಇದರ ವ್ಯವಹಾರ ನಡೆಸುವುದಕ್ಕೆ 1971ರ ಕಾಯ್ದೆಯಲ್ಲಿ ನಿಷೇಧ ಇದೆ, ಆದರೂ ಗೆಳತಿಯರ ನಡುವೆ ನಡೆಯುತ್ತಲೇ ಇರುತ್ತದೆ. ಕೆಲಸದ ಪಾಸಿನ ಮೇಲೆ ಇರುವ ನೀವು ನಯವಾಗಿ ಬೇಡ ಅಂದುಬಿಡಿ. ಕರಿಪಾಪ್ ಕೊಳ್ಳಿ, ಸಾಕು.

ರಂಜಾನ್ ತಿಂಗಳಲ್ಲಿ ಲೆಕ್ಕವೆಲ್ಲ ಬೇರೆ. ಸಹರಿ ಊಟಕ್ಕೆ ನಸುಕಿಗೇ ಏಳಬೇಕು, 7 ವರ್ಷದ ಮಕ್ಕಳು ಅರ್ಧ ದಿನದ ಉಪವಾಸ ಅಭ್ಯಾಸ ಮಾಡುತ್ತಿರುತ್ತಾರೆ, ಅಮ್ಮ ಉಪವಾಸದಲ್ಲೇ ಆಫೀಸು ಮುಗಿಸಿ ಬಜಾರಿನ ನೂಕುನುಗ್ಗಲಲ್ಲಿ ನಿಂತಿರುತ್ತಾರೆ. ಆ ತಿಂಗಳು ಸಂಜೆ ಮೀಟಿಂಗ್ ಇಟ್ಟುಕೊಳ್ಳಬೇಡಿ. ಹಬ್ಬಕ್ಕೆ ಮನೆಯವರೆಲ್ಲರಿಗೂ ಒಂದೇ ಬಣ್ಣದ ಬಟ್ಟೆ ಹೊಲಿಸುತ್ತಾರೆ, ಟೈಲರ್‌ಗಳು ರಂಜಾನ್‌ಗೆ ಮುಂಚೆಯೇ ಆರ್ಡರ್ ನಿಲ್ಲಿಸುವುದೂ ಉಂಟು. ಆಮೇಲೆ ಎಲ್ಲರೂ ಊರಿಗೆ. ಕೆಲಂತಾನ್ ದಾರಿಯಲ್ಲಿ ಕಾರುಗಳು ಆಮೆಯನ್ನೂ ನಾಚಿಸುತ್ತವೆ. ಆ ವಾರ ಆಫೀಸಿನಲ್ಲಿ ನೀವೂ, ಚೀನೀಯರೂ, ತಮಿಳರೂ. ನಿಮ್ಮ ಅದೃಷ್ಟಕ್ಕೆ ದೀಪಾವಳಿಗೆ ಮಲಯ್ ಸಹೋದ್ಯೋಗಿಗಳು ನಿಮ್ಮ ಕೆಲಸ ನೋಡಿಕೊಳ್ಳುತ್ತಾರೆ, ಈ ಕೊಡುಕೊಳ್ಳುವಿಕೆ ಚೆನ್ನಾಗಿ ನಡೆಯುತ್ತದೆ.

ಈಗ ನಿಮ್ಮ ವಿಷಯ. ವಿದೇಶಿ ಮಕ್ಕಳು ಹೆಚ್ಚಾಗಿ ಇಂಟರ್‌ನ್ಯಾಷನಲ್ ಶಾಲೆಗೆ ಹೋಗುತ್ತಾರೆ, ನಿಮ್ಮವರೂ ಅಲ್ಲಿಗೇ ಅಂದುಕೊಳ್ಳುತ್ತೇನೆ. ಅಲ್ಲಿ ಬಿಡುವುದು ಸ್ವಲ್ಪ ತಡ, ಹಾಗಾಗಿ ನೀವು ತುಂಬಿಸಬೇಕಾದ ಹೊತ್ತು ಕಡಿಮೆ. ಮನೆಗಿಂತ ಮೊದಲು ಶಾಲೆ, ಶಾಲೆ ಆದ ಮೇಲೆ ವ್ಯಾನು, ಆಮೇಲೆ ಮನೆ, ಈ ಕ್ರಮದಲ್ಲಿ ಹುಡುಕಿ. ಬಾಡಿಗೆ ಕಡಿಮೆ ಅಂತ ಮೊದಲು ಮನೆ ಹಿಡಿದವರು ಆಮೇಲೆ ಆ ಕಡೆಗೆ ವ್ಯಾನೇ ಬರುವುದಿಲ್ಲ ಅಂತ ಪರದಾಡುತ್ತಾರೆ. ಸರ್ಕಾರಿ ಶಾಲೆಗಳ ವರ್ಷ 2026ರಿಂದ ಮತ್ತೆ ಜನವರಿಗೆ ಬಂದಿದೆ, ಆ ಹೊತ್ತಿಗೆ ಟ್ರಾನ್ಸಿಟ್‌ಗಳು ಭರ್ತಿಯಾಗಿರುತ್ತವೆ, ಮುಂಚೆಯೇ ಕೇಳಿ. ನೋಡಲು ಹೋಗುವುದಾದರೆ ಮಧ್ಯಾಹ್ನ 2 ಗಂಟೆಗೆ, ಹೇಳದೆ ಹೋಗಿ. ನನ್ನ ಮಗ ಮೊದಲು ಹೋಗುತ್ತಿದ್ದ ಒಂದು ಕಡೆ ಸಂಜೆ ನೋಡಿದರೆ ಎಲ್ಲ ಅಚ್ಚುಕಟ್ಟು, ಮಧ್ಯಾಹ್ನ ಇಡೀ ಮಕ್ಕಳನ್ನು ಟೀವಿ ಮುಂದೆ ಕೂರಿಸಿರುತ್ತಿದ್ದರು.

ಆಫೀಸಿನಲ್ಲೂ ಬಾಯಿ ಬಿಟ್ಟು ಕೇಳಿ. 2023ರ ಜನವರಿಯಿಂದ ವಾರದ ಕೆಲಸದ ಮಿತಿ 48 ಗಂಟೆಯಿಂದ 45ಕ್ಕೆ ಇಳಿದಿದೆ. ಬರುವ ಹೋಗುವ ಸಮಯ ಬದಲಿಸಿಕೊಡಿ ಅಂತ ಬರೆದು ಕೊಟ್ಟರೆ 60 ದಿನದೊಳಗೆ ಅವರು ಬರಹದಲ್ಲೇ ಉತ್ತರ ಕೊಡಬೇಕು. ಒಪ್ಪಲೇಬೇಕು ಅಂತಿಲ್ಲ, ಆದರೆ ಕೇಳುವುದಕ್ಕೇನು? ಬೆಳಿಗ್ಗೆ ಬೇಗ ಬಂದು ಬೇಗ ಹೋಗುವವರು ಇಲ್ಲಿ ತುಂಬಾ ಜನ ಇದ್ದಾರೆ, ಸಂಜೆ 5 ಗಂಟೆಗೆ ಸೀಟಿನಿಂದ ಎದ್ದು ಹೊರಟರೆ ಯಾರೂ ಕಣ್ಣು ಕೆಂಪು ಮಾಡುವುದಿಲ್ಲ, ನಾನು ಬೆಂಗಳೂರಿನಲ್ಲಿ ಕೆಲಸ ಮಾಡಿದ ಕಡೆ ಇದ್ದ ಹಾಗೆ ಅಲ್ಲ.

ನೀವು ಸಸ್ಯಾಹಾರಿಗಳು ಅಂತ ಬರೆದಿದ್ದೀರಿ, ಅದಕ್ಕೆ ಒಂದು ಮಾತು. ನಾಸಿ ಲೆಮಾಕ್ ಸಂಬಲ್‌ನಲ್ಲಿ ಮೀನೋ ಸಿಗಡಿ ಅರೆದು ಮಾಡಿದ ಬೆಲಾಚಾನೋ ಇದ್ದೇ ಇರುತ್ತದೆ ಅಂದುಕೊಳ್ಳಿ, ಸೊಪ್ಪಿನ ಪಲ್ಯಕ್ಕೂ ಬೆಲಾಚಾನ್ ಹಾಕುತ್ತಾರೆ. ಹಾಗಾಗಿ ಅವರ ಹಾಗೆ ಬೀದಿ ತುದಿಯ ಪೊಟ್ಟಣದಲ್ಲಿ ನಿಮ್ಮ ಬೆಳಗು ಮುಗಿಯುವುದಿಲ್ಲ, ಆದರೆ ತಮಿಳರ ಹೋಟೆಲ್‌ಗಳಲ್ಲಿ ಇಡ್ಲಿ ದೋಸೆ ಬೆಳಿಗ್ಗೆಯೇ ಸಿಗುತ್ತದೆ, ವಾರದಲ್ಲಿ ಎರಡು ಮೂರು ದಿನ ಅಲ್ಲಿಂದ ಕಟ್ಟಿಸಿಕೊಳ್ಳಿ, ಪಾಪಪ್ರಜ್ಞೆ ಬೇಡ. ಉಳಿದ ದಿನಕ್ಕೆ ಹಿಟ್ಟು ರುಬ್ಬಿಟ್ಟುಕೊಳ್ಳಿ. ಮಿಕ್ಸಿ, ಗ್ರೈಂಡರ್ ಊರಿಂದ ತಂದರೆ ಓಡುತ್ತವೆ, ಪ್ಲಗ್ ಮಾತ್ರ ಇಲ್ಲಿ ಚಪ್ಪಟೆ ಮೂರು ಕಡ್ಡಿಯದು, ಅಡಾಪ್ಟರ್ ಇಲ್ಲೇ ಸಿಗುತ್ತದೆ. ಶಾಲೆ ಗಟ್ಟಿಯಾದ ಮೇಲೆ ಷಾ ಆಲಂನ ಯಾವ ಬಡಾವಣೆಯಲ್ಲಿ, ಅಂದರೆ ಯಾವ ಸೆಕ್ಷನ್‌ನಲ್ಲಿ ಮನೆ ನೋಡುತ್ತಿದ್ದೀರಿ ಅಂತ ಬರೆಯಿರಿ, ಆ ಕಡೆ ವ್ಯಾನು ಓಡಿಸುವವರು ಯಾರಿದ್ದಾರೆ ಅಂತ ಕಾಕ್ ಹತ್ತಿರ ವಿಚಾರಿಸಿ ಹೇಳುತ್ತೇನೆ.