ಗಿರೀಶರು ‘ಅವರು’, ಬಿನೋದಿನಿ ‘ಅವಳು’ ಯಾಕೆ?

ಹಾಸನದಿಂದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ಹತ್ತೊಂಬತ್ತನೇ ಶತಮಾನದ ಬಂಗಾಳದ ನಟಿ ಬಿನೋದಿನಿ ದಾಸಿಯನ್ನು ಹೊಗಳಿ ನಾವು ಬರೆದದ್ದು ಅತಿಯಾಯಿತು ಅನ್ನೋದು ಅವರ ಮಾತು. ‘ಗಿರೀಶಚಂದ್ರ ಘೋಷರು ದೊಡ್ಡ ನಾಟಕಕಾರರು. ಅವರು ಕಲಿಸಿದ್ದನ್ನು ಅವಳು ಆಡಿದಳು, ಅಷ್ಟೇ. ಗಂಡಸರು ಹೆಣ್ಣು ಪಾತ್ರ ಮಾಡುತ್ತಿದ್ದ ಕಾಲದ ಕಲೆಯೇ ಬೇರೆ. ನಮ್ಮ ತಂದೆ ಜೋಪಾನ ಮಾಡಿದ ಕಂಪನಿ ನಾಟಕದ ಹ್ಯಾಂಡ್‌ಬಿಲ್‌ಗಳು ನನ್ನ ಬಳಿ ಇವೆ, ಅವನ್ನು ನೋಡಿದರೆ ಗೊತ್ತಾಗುತ್ತದೆ’ ಅಂತ ಬರೆದಿದ್ದಾರೆ.

ಮೇಷ್ಟ್ರೇ, ನಿಮ್ಮ ಅಕ್ಷರ ಮುತ್ತಿನಂತಿದೆ. ಪ್ರೀತಿಯಿಂದ ಓದಿದೆ, ಎರಡು ಸಲ ಓದಿದೆ. ಹೆಣ್ಣು ಪಾತ್ರ ಮಾಡುತ್ತಿದ್ದ ಗಂಡಸರ ಕಲೆ ದೊಡ್ಡದು, ಒಪ್ಪಿದೆ. ಗಿರೀಶರು ಕಲಿಸಿದ್ದೂ ನಿಜ. ಬಿನೋದಿನಿಯವರೇ ಅದನ್ನು ಮತ್ತೆ ಮತ್ತೆ ಬರೆದಿದ್ದಾರೆ. ಆದರೆ ಎರಡನೇ ಓದಿನಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ನಿಮ್ಮ ಪತ್ರದ ಉದ್ದಕ್ಕೂ ಗಿರೀಶರು ‘ಅವರು’, ಬಿನೋದಿನಿ ‘ಅವಳು’. ನೀವು ಬೇಕಂತ ಬರೆದಿಲ್ಲ, ಗೊತ್ತು. ಕೈ ತಾನಾಗಿ ಹಾಗೆ ಬರೆಯುತ್ತದೆ. ನನ್ನ ಬೇಸರವೂ ಅದೇ.

ಸ್ವಲ್ಪ ಹಿಂದಕ್ಕೆ ಹೋಗೋಣ. ಕಲ್ಕತ್ತಾದಲ್ಲಿ 1795ರಲ್ಲೇ ಲೆಬೆಡೆಫ್ ಅನ್ನೋ ರಷ್ಯದವನು ಬಂಗಾಳಿ ನಾಟಕ ಆಡಿಸಿದ, ಅದರಲ್ಲಿ ಹೆಂಗಸರಿದ್ದರು. ಅದು ಅಲ್ಲಿಗೇ ನಿಂತಿತು. 1872ರ ಡಿಸೆಂಬರ್‌ನಲ್ಲಿ ನ್ಯಾಷನಲ್ ಥಿಯೇಟರ್ ಟಿಕೆಟ್ ಇಟ್ಟು ‘ನೀಲದರ್ಪಣ’ ಆಡಿದಾಗ ಹೆಣ್ಣು ಪಾತ್ರಗಳೆಲ್ಲ ಗಂಡಸರದ್ದೇ. ಮರುವರ್ಷ ಬೆಂಗಾಲ್ ಥಿಯೇಟರ್ ನಾಲ್ಕು ಜನ ಹೆಂಗಸರನ್ನು ಸೇರಿಸಿಕೊಂಡಿತು. ನಾಲ್ವರೂ ವೇಶ್ಯೆಯರ ಕೇರಿಯವರು. ಬೇರೆ ಯಾರು ಬರುತ್ತಿದ್ದರು ಹೇಳಿ? ವಿಧವೆಯರ ಮರುಮದುವೆಗಾಗಿ ಊರನ್ನೇ ಎದುರು ಹಾಕಿಕೊಂಡ ಈಶ್ವರಚಂದ್ರ ವಿದ್ಯಾಸಾಗರರು ಕೂಡ ಇದಕ್ಕೆ ಒಪ್ಪದೆ ಆ ಥಿಯೇಟರಿನ ಸಮಿತಿ ಬಿಟ್ಟರು. ಅಂಥವರಿಗೇ ಅದು ದಾಟಲಾಗದ ಗೆರೆ ಆಗಿತ್ತು.

ಆ ಗೆರೆಯ ಆಚೆ ಹುಟ್ಟಿದವರು ಬಿನೋದಿನಿ. 1874ರಲ್ಲಿ, 11-12ರ ವಯಸ್ಸಿನಲ್ಲಿ, ತಿಂಗಳಿಗೆ 10 ರೂಪಾಯಿ ಸಂಬಳಕ್ಕೆ ಗ್ರೇಟ್ ನ್ಯಾಷನಲ್ ಥಿಯೇಟರ್ ಸೇರಿದರು. ಮೊದಲ ಪಾತ್ರ ದ್ರೌಪದಿಯ ಸಖಿ. ಅಲ್ಲಿಂದ ಸುಮಾರು 12 ವರ್ಷದಲ್ಲಿ 80ರಷ್ಟು ಪಾತ್ರ ಮಾಡಿದರು. ‘ಮೇಘನಾದವಧ’ದಲ್ಲಿ ಒಬ್ಬರೇ ಹಲವು ಪಾತ್ರ. ‘ಮೃಣಾಲಿನಿ’ಯ ಮನೋರಮೆಯಾಗಿ ನಿಂತಾಗ, ತಾನು ಕಾಗದದ ಮೇಲೆ ಬರೆದವಳನ್ನು ಇಲ್ಲಿ ಕಣ್ಣಾರೆ ಕಂಡೆ ಅಂದದ್ದು ಬಂಕಿಮಚಂದ್ರರು. 1884ರಲ್ಲಿ ಬಂಗಾಳದ ಸಂತ ಚೈತನ್ಯರ ಕತೆಯ ‘ಚೈತನ್ಯಲೀಲಾ’. ಹೆಣ್ಣು ಪಾತ್ರವನ್ನು ಗಂಡಸರು ಮಾಡಿದ ಕಲೆಯ ಬಗ್ಗೆ ಬರೆದಿರಲ್ಲ, ಇಲ್ಲಿ ನಿಮಾಯಿ ಪಂಡಿತನಾಗಿ, ಚೈತನ್ಯನಾಗಿ ನಿಂತವರು ಒಬ್ಬ ಹೆಂಗಸು! ಮೊದಲ ಪ್ರದರ್ಶನದ ದಿನ ಬೆಳಗಾಗೆದ್ದು ಗಂಗೆಯಲ್ಲಿ ಮಿಂದು, 108 ಸಲ ದುರ್ಗೆಯ ಹೆಸರು ಬರೆದು ಬಂದರು. ಸೆಪ್ಟೆಂಬರ್‌ನಲ್ಲಿ ರಾಮಕೃಷ್ಣ ಪರಮಹಂಸರು ನೋಡಲು ಬಂದರು, ತಲೆ ಮುಟ್ಟಿ ಹರಸಿದರು. ಅದೇ ನಾಟಕ ಮುಗಿದ ರಾತ್ರಿಯೇ ವೇಷ ಬದಲಿಸಿ ‘ವಿವಾಹ ವಿಭ್ರಾಟ್’ ಪ್ರಹಸನದಲ್ಲಿ ಫ್ಯಾಷನ್ ಹುಡುಗಿಯಾಗಿ ನಿಲ್ಲುತ್ತಿದ್ದರು. ಇದನ್ನೆಲ್ಲ ಯಾರಾದರೂ ಪಾಠ ಹೇಳಿ ಮಾಡಿಸಲು ಆಗುತ್ತದಾ?

ಈಗ ಸ್ಟಾರ್ ಥಿಯೇಟರ್ ಕತೆ. ಇದನ್ನು ಓದಿದ ಮೇಲೆ ನನಗೆ ಸುಮ್ನೆ ಇರಲು ಆಗಲ್ಲ.

ಗಿರೀಶರ ತಂಡಕ್ಕೆ ಸ್ವಂತ ರಂಗಮಂದಿರ ಬೇಕಿತ್ತು. ಗುರ್ಮುಖ ರಾಯ್ ಅನ್ನೋ ಮಾರ್ವಾಡಿ ಯುವಕ ದುಡ್ಡು ಹಾಕಲು ಬಂದ. ಅವನ ಷರತ್ತು ಒಂದೇ, ಬಿನೋದಿನಿ ಅವನ ಜೊತೆ ಇರಬೇಕು. ತಂಡದವರೆಲ್ಲ ಸೇರಿ ಒಪ್ಪಿಸಿದರು. ಥಿಯೇಟರ್ ಬೇಡ, 50,000 ರೂಪಾಯಿ ಕೊಡುತ್ತೇನೆ, ತಗೋ ಅಂತ ಅವನೇ ಒಮ್ಮೆ ಹೇಳಿದನಂತೆ. ಅದು 1880ರ ದಶಕದ 50,000! ಬಿನೋದಿನಿ ಬೇಡ ಅಂದರು, ಥಿಯೇಟರೇ ಬೇಕು ಅಂದರು. ಬೀಡನ್ ಸ್ಟ್ರೀಟಿನಲ್ಲಿ ಕಟ್ಟಡ ಏಳುವಾಗ ತಾವೇ ಬುಟ್ಟಿಯಲ್ಲಿ ಮಣ್ಣು ಹೊತ್ತರು. ಅದಕ್ಕೆ ಅವರ ಹೆಸರಿನ ಮೊದಲಕ್ಷರ ಸೇರಿಸಿ ‘ಬಿ ಥಿಯೇಟರ್’ ಅಂತ ಇಡುವುದಾಗಿ ತಂಡದವರು ಮಾತು ಕೊಟ್ಟಿದ್ದರು. ರಿಜಿಸ್ಟರ್ ಮಾಡಿ ಬಂದವರನ್ನು ಆಸೆಯಿಂದ ಕೇಳಿದರೆ, ‘ಸ್ಟಾರ್’ ಅಂತ ಇಟ್ಟೆವು ಅಂದರು. 1883ರ ಜುಲೈ 21ರಂದು ‘ದಕ್ಷಯಜ್ಞ’ದಿಂದ ಅದು ಶುರುವಾಯಿತು. ಬಿನೋದಿನಿ ಸತಿಯಾಗಿ ನಿಂತರು. ಸ್ವಲ್ಪ ಕಾಲಕ್ಕೇ ಗುರ್ಮುಖ ರಾಯ್ 11,000 ರೂಪಾಯಿಗೆ ಥಿಯೇಟರ್ ಬಿಟ್ಟುಕೊಟ್ಟ. ಬಿನೋದಿನಿಗೆ ಪಾಲು ಕೊಡಿ ಅಂತ ಅವನೇ ಹೇಳಿದರೂ, ಗಿರೀಶರು ಅದು ಬೇಡ ಅಂತ ಬಿನೋದಿನಿಯ ತಾಯಿಯನ್ನು ಒಪ್ಪಿಸಿದರು. ಮಾಲೀಕರಾದದ್ದು ನಾಲ್ಕು ಜನ ಗಂಡಸರು.

25 ತುಂಬುವ ಮೊದಲೇ ಬಿನೋದಿನಿ ರಂಗ ಬಿಟ್ಟರು. ಮತ್ತೆ ಹತ್ತಲಿಲ್ಲ. ಮಗಳು ಶಕುಂತಲಾಳನ್ನು ಶಾಲೆಗೆ ಸೇರಿಸಲು ಓಡಾಡಿದರು, ತಾಯಿ ಯಾರು ಅಂತ ಗೊತ್ತಾದಾಗ ಬಾಗಿಲು ಮುಚ್ಚಿತು. ಆ ಮಗು ಚಿಕ್ಕ ವಯಸ್ಸಿಗೇ ತೀರಿಕೊಂಡಿತು. ಬಿನೋದಿನಿ ಪದ್ಯ ಬರೆದರು, 1912ರಲ್ಲಿ ಆತ್ಮಕಥೆ ‘ಆಮಾರ್ ಕಥಾ’ ಪ್ರಕಟಿಸಿದರು. ಅದಕ್ಕೆ ಗಿರೀಶರ ಮುನ್ನುಡಿ ಕೇಳಿದ್ದರು. ಬಂದ ಮುನ್ನುಡಿಯಲ್ಲಿ ನಡೆದ ಸತ್ಯ ಎಲ್ಲ ಇಲ್ಲ, ಬೇರೆ ಬರೆದುಕೊಡಿ ಅಂದರು. ಗುರುವಿಗೆ ಶಿಷ್ಯೆ ಹೀಗೆ ಹೇಳಿದ್ದು! ಕಹಿ ಸತ್ಯವನ್ನು ಹೇಳಲೇಬೇಕು ಅಂತಿಲ್ಲ ಅನ್ನೋದು ಗಿರೀಶರ ಉತ್ತರ. ಬೇರೆ ಬರೆಯುವ ಮೊದಲು ಅವರೇ ಹೋಗಿಬಿಟ್ಟರು.

ಆ ಪುಸ್ತಕ ಇಲ್ಲದಿದ್ದರೆ ಮಣ್ಣಿನ ಬುಟ್ಟಿಯ ವಿಷಯ ನಮಗೆ ಎಲ್ಲಿ ಗೊತ್ತಾಗುತ್ತಿತ್ತು? ರಂಗಭೂಮಿಯ ಚರಿತ್ರೆ ಬರೆದವರು ಮಾಲೀಕರನ್ನೂ ನಾಟಕಕಾರರನ್ನೂ ಬರೆದರು. ನಮ್ಮಲ್ಲೂ ಕತೆ ಅದೇ. ಚೈತನ್ಯಲೀಲಾ ಆಡಿದ 1884ರಲ್ಲೇ ಗುಬ್ಬಿ ಕಂಪನಿ ಹುಟ್ಟಿತು, ಆಗ ಅಲ್ಲಿ ಸೀತೆಯೂ ಗಂಡಸೇ. ಹೆಂಗಸರು ಬಂದ ಮೇಲೆ ಏನಾಯಿತು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಚಿಕ್ಕವನಿದ್ದಾಗ ನಮ್ಮೂರ ಜಾತ್ರೆಗೆ ಕ್ಯಾಂಪ್ ಹಾಕಿದ ಕಂಪನಿಯೊಂದರ ನಾಯಕಿಗೆ ಎರಡು ತಿಂಗಳ ಮಟ್ಟಿಗೆ ಬಾಡಿಗೆ ಮನೆ ಬೇಕಿತ್ತು. ಯಾರೂ ಕೊಡಲಿಲ್ಲ. ರಾತ್ರಿ ಮುಂದಿನ ಸಾಲಿನಲ್ಲಿ ಕೂತು ಒನ್ಸ್‌ಮೋರ್ ಅಂದವರೂ ಕೊಡಲಿಲ್ಲ. ಕೊನೆಗೆ ಪರದೆಯ ಹಿಂದೆ, ಪೆಟ್ಟಿಗೆಗಳ ನಡುವೆ ಮಗುವನ್ನು ಮಲಗಿಸಿಕೊಂಡು ಆಕೆ ದಿನ ಕಳೆದರು. ಆಕೆಯ ಹೆಸರು ಇವತ್ತು ನಮ್ಮೂರಲ್ಲಿ ಯಾರಿಗೂ ನೆನಪಿಲ್ಲ. ನನಗೂ ಇಲ್ಲ, ಮೇಷ್ಟ್ರೇ.

2024ರ ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರ ಕಲ್ಕತ್ತಾದ ಹಾತೀಬಾಗಾನ್‌ನಲ್ಲಿರುವ ಸ್ಟಾರ್ ಥಿಯೇಟರಿಗೆ ಬಿನೋದಿನಿಯ ಹೆಸರು ಘೋಷಿಸಿತು. ಅದು ಮಣ್ಣು ಹೊತ್ತ ಕಟ್ಟಡ ಅಲ್ಲ, ಬೀಡನ್ ಸ್ಟ್ರೀಟಿನ ಹಳೇ ಸ್ಟಾರ್ ಕಟ್ಟಡ ರಸ್ತೆಗಾಗಿ ನೆಲಸಮವಾಯಿತು. ಬಿನೋದಿನಿ 1941ರಲ್ಲಿ ತೀರಿಕೊಂಡಿದ್ದರು.

ಇನ್ನು ನಿಮ್ಮ ತಂದೆಯವರ ಹ್ಯಾಂಡ್‌ಬಿಲ್‌ಗಳು. ದಯವಿಟ್ಟು ಅವನ್ನು ಇನ್ನೊಮ್ಮೆ ಹೊರಗೆ ತೆಗೆಯಿರಿ. ಕೆಳಗೆ, ಸಣ್ಣ ಅಕ್ಷರದಲ್ಲಿ, ಪಾತ್ರವರ್ಗ ಇರುತ್ತದೆ ನೋಡಿ. ಅಲ್ಲಿ ಇರುವ ಹೆಂಗಸರ ಹೆಸರನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಊರು, ವರ್ಷ, ಪಾತ್ರ ಸೇರಿಸಿ, ಅದೇ ಮುತ್ತಿನಂಥ ಅಕ್ಷರದಲ್ಲಿ ಕಳಿಸಿಕೊಡಿ. ಎಷ್ಟು ಪುಟ ಆದರೂ ಸರಿ, ಪೂರ್ತಿ ಅಚ್ಚು ಹಾಕುತ್ತೇವೆ.

— ಸಂಪಾದಕ